ಮನೆಬಾಗಿಲಿನಿಂದ ದೇವಾಲಯದ ಅಂಗಳಕ್ಕೆ: ಹ್ಯಾಲೋವೀನ್ ರಾತ್ರಿ ಸಿಹಿ ಬೇಡುವ ಪದ್ಧತಿಯ ಚರಿತ್ರೆ

ಪ್ರತಿವರ್ಷ ಅಕ್ಟೋಬರ್ ತಿಂಗಳ ಕೊನೆಯ ದಿನಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ಧರ್ಮಕೇಂದ್ರಗಳಲ್ಲಿ ಒಂದೇ ಬಗೆಯ ದೃಶ್ಯ ಕಾಣಸಿಗುತ್ತದೆ. ದೇವಾಲಯದ ಮುಂದಿನ ವಾಹನ ನಿಲುಗಡೆಯ ಅಂಗಳದಲ್ಲಿ ಕಾರುಗಳು ಎರಡು ಸಾಲಾಗಿ, ಹಿಂಬದಿ ಒಳಮುಖವಾಗಿರುವಂತೆ ನಿಂತಿರುತ್ತವೆ. ಪ್ರತಿಯೊಂದು ಕಾರಿನ ಡಿಕ್ಕಿಯೂ ತೆರೆದಿರುತ್ತದೆ. ಒಂದರಲ್ಲಿ ನೋಹನ ನಾವೆ, ಮತ್ತೊಂದರಲ್ಲಿ ಯೋನನನ್ನು ನುಂಗಿದ ಮೀನು, ಇನ್ನೊಂದರಲ್ಲಿ ಸಿಹಿಗುಂಬಳಕಾಯಿಗಳ ರಾಶಿ. ವೇಷ ಧರಿಸಿದ ಮಕ್ಕಳು ಡಿಕ್ಕಿಯಿಂದ ಡಿಕ್ಕಿಗೆ ನಡೆಯುತ್ತಾ ತಮ್ಮ ಚೀಲಗಳಲ್ಲಿ ಮಿಠಾಯಿ ತುಂಬಿಕೊಳ್ಳುತ್ತಾರೆ. ಒಂದೆರಡು ಗಂಟೆಗಳಲ್ಲಿ ಎಲ್ಲವೂ ಮುಗಿದು ಅಂಗಳ ಬರಿದಾಗುತ್ತದೆ. ಡಿಕ್ಕಿಯನ್ನು ಅಮೆರಿಕನರು ಟ್ರಂಕ್ ಎನ್ನುವುದರಿಂದ ಈ ಕಾರ್ಯಕ್ರಮಕ್ಕೆ ಟ್ರಂಕ್-ಆರ್-ಟ್ರೀಟ್ ಎಂಬ ಹೆಸರು ಬಂದಿದೆ. ಮಕ್ಕಳು ಸಂಜೆ ಮನೆಮನೆಯ ಬಾಗಿಲು ತಟ್ಟಿ, ಸಿಹಿ ಕೊಡದಿದ್ದರೆ ಚೇಷ್ಟೆ ಮಾಡುವುದಾಗಿ ಹುಸಿ ಬೆದರಿಕೆ ಹಾಕುವ ಟ್ರಿಕ್-ಆರ್-ಟ್ರೀಟ್ ಎಂಬ ಹಳೆಯ ಪದ್ಧತಿಯ ಜಾಗದಲ್ಲಿ ಇದು ಬಂದು ನಿಲ್ಲುತ್ತಿದೆ.

ಕರ್ನಾಟಕದ ಗುರು ಅಭ್ಯರ್ಥಿಗಳೂ ಗುರುಗಳೂ ಓದುವ ಪತ್ರಿಕೆಯಲ್ಲಿ ಈ ವಿಷಯಕ್ಕೆ ಏನು ಸ್ಥಾನ ಎಂಬ ಪ್ರಶ್ನೆ ಸಹಜ. ನಮ್ಮ ಉತ್ತರ ಎರಡು. ಮೊದಲನೆಯದಾಗಿ, ಆ ರಾತ್ರಿಯ ಹೆಸರೇ ನಮ್ಮ ಆರಾಧನಾ ಪಂಚಾಂಗದಿಂದ ಹುಟ್ಟಿದ್ದು. ಎರಡನೆಯದಾಗಿ, ನಮ್ಮ ನಾಡಿನ ಅನೇಕ ಗುರುಗಳು ಇಂದು ಅಮೆರಿಕದ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಆ ಅಂಗಳದಲ್ಲಿ ನಿಂತು ಆಶೀರ್ವದಿಸುವಂತೆ ಅವರನ್ನು ಕರೆಯುತ್ತಾರೆ. ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿಯೂ ಮಕ್ಕಳು ಈಗ ಹ್ಯಾಲೋವೀನ್ ವೇಷ ಧರಿಸುತ್ತಾರೆ. ಆಗ ನಮ್ಮಲ್ಲಿ ಎದ್ದೇಳುವ ಚರ್ಚೆ ಬಹುಪಾಲು ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತದೆ: ಇದು ಸೈತಾನನ ಹಬ್ಬವೇ, ಅಲ್ಲವೇ? ಚರಿತ್ರೆಯ ವಿದ್ಯಾರ್ಥಿಗೆ ಇನ್ನೊಂದು ಪ್ರಶ್ನೆ ಹೆಚ್ಚು ಮುಖ್ಯವೆನಿಸುತ್ತದೆ. ಆ ಸಂಜೆ ಬಾಗಿಲಿನಲ್ಲಿ ಯಾರು ಯಾರಿಗೆ ಏನನ್ನು ಕೊಡುತ್ತಿದ್ದರು? ಬಾಗಿಲು ಹೋಗಿ ಡಿಕ್ಕಿ ಬಂದಾಗ ಆ ಕೊಡುಕೊಳ್ಳುವಿಕೆ ಏನಾಯಿತು? ಈ ಲೇಖನದಲ್ಲಿ ನಾವು ಆ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸುತ್ತೇವೆ.

ಹಬ್ಬ ಮತ್ತು ಅದರ ಮುನ್ನಾ ಸಂಜೆ

ಹ್ಯಾಲೋ ಎಂಬುದು ಸಂತರನ್ನು ಸೂಚಿಸುವ ಹಳೆಯ ಇಂಗ್ಲಿಷ್ ಪದ. ಈವ್ ಎಂದರೆ ಮುನ್ನಾ ಸಂಜೆ. ಸಕಲ ಸಂತರ ಹಬ್ಬದ ಮುನ್ನಾ ಸಂಜೆಯೇ ಹ್ಯಾಲೋವೀನ್. ಈ ಹಬ್ಬವು ಒಂದೇ ಸಲಕ್ಕೆ ರೂಪುಗೊಂಡದ್ದಲ್ಲ. ಏಳನೆಯ ಶತಮಾನದ ಆರಂಭದಲ್ಲಿ ವಿಶ್ವಗುರು ನಾಲ್ಕನೆಯ ಬೋನಿಫಾಸ್ ಅವರು ರೋಮಿನ ಪ್ಯಾಂಥಿಯನ್ ಕಟ್ಟಡವನ್ನು ಮೇ 13ರಂದು ಮಾತೆ ಮರಿಯಮ್ಮನವರಿಗೂ ಸಮಸ್ತ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ಎಂಟನೆಯ ಶತಮಾನದಲ್ಲಿ ಮೂರನೆಯ ಗ್ರೆಗೊರಿಯವರು ಸಂತ ಪೇತ್ರರ ಮಹಾದೇವಾಲಯದಲ್ಲಿ ಪ್ರೇಷಿತರು, ರಕ್ತಸಾಕ್ಷಿಗಳು ಹಾಗೂ ಸಕಲ ಸಂತರ ಹೆಸರಿನಲ್ಲಿ ಒಂದು ಪ್ರಾರ್ಥನಾಲಯ ಸ್ಥಾಪಿಸಿದರು. ಒಂಬತ್ತನೆಯ ಶತಮಾನದಲ್ಲಿ, ಸುಮಾರು 835ರಲ್ಲಿ, ನಾಲ್ಕನೆಯ ಗ್ರೆಗೊರಿಯವರ ಕಾಲಕ್ಕೆ ಚಕ್ರವರ್ತಿ ಲೂಯಿಯ ರಾಜ್ಯದಲ್ಲಿ ನವೆಂಬರ್ 1ರ ಆಚರಣೆ ನೆಲೆಯೂರಿತು.

ಕೆಲ್ಟರ ಸಮ್ಹೈನ್ ಎಂಬ ಚಳಿಗಾಲದ ಹಬ್ಬವನ್ನು ಅಳಿಸಲೆಂದೇ ಧರ್ಮಸಭೆ ಈ ದಿನವನ್ನು ಆರಿಸಿತು ಎಂಬ ಮಾತು ಜನಪ್ರಿಯವಾಗಿದೆ. ಬ್ರಿಟನ್ನಿನ ಚರಿತ್ರಕಾರ ರೊನಾಲ್ಡ್ ಹಟನ್ ಅವರು 1996ರ ತಮ್ಮ ಗ್ರಂಥದಲ್ಲಿ ಈ ವಾದವನ್ನು ಎಚ್ಚರಿಕೆಯಿಂದ ನೋಡಬೇಕೆಂದು ತೋರಿಸಿದ್ದಾರೆ. ಸಮ್ಹೈನ್ ಹಬ್ಬದ ನೆಲವಾದ ಐರ್ಲೆಂಡಿನಲ್ಲಿಯೇ ಆರಂಭದಲ್ಲಿ ಸಕಲ ಸಂತರ ಸ್ಮರಣೆ ಏಪ್ರಿಲ್ 20ರಂದು ನಡೆಯುತ್ತಿತ್ತು. ನವೆಂಬರ್ 1ರ ಆಚರಣೆ ಬಂದದ್ದು ಐರ್ಲೆಂಡಿನಿಂದಲ್ಲ. ಋತು ಬದಲಾಗುವ ಆ ದಿನಗಳಲ್ಲಿ ಜನಪದರ ಬೆಂಕಿ, ಶಕುನ, ಕೂಟಗಳು ಇದ್ದವೆಂಬುದು ನಿಜ. ಅವು ಹಬ್ಬದ ಸುತ್ತ ಸೇರಿಕೊಂಡದ್ದೂ ನಿಜ. ಆದರೆ ಮನೆಬಾಗಿಲಿಗೆ ಹೋಗಿ ತಿನಿಸು ಬೇಡುವ ಪದ್ಧತಿಯ ಬೇರನ್ನು ಹುಡುಕುವವನಿಗೆ ಸಮ್ಹೈನ್‌ಗಿಂತಲೂ ಫ್ರಾನ್ಸಿನ ಕ್ಲೂನಿ ಮಠವೇ ಹೆಚ್ಚು ನೆರವಾಗುತ್ತದೆ.

ಸುಮಾರು 1000ದ ಆಸುಪಾಸಿನಲ್ಲಿ ಕ್ಲೂನಿಯ ಮಠಾಧಿಪತಿ ಸಂತ ಓಡಿಲೋ ಅವರು ತಮ್ಮ ಅಧೀನದ ಮಠಗಳಲ್ಲಿ ಸಕಲ ಸಂತರ ಹಬ್ಬದ ಮರುದಿನವನ್ನು ಮೃತ ವಿಶ್ವಾಸಿಗಳ ಸ್ಮರಣೆಗೆ ಮೀಸಲಿಟ್ಟರು. ಅಂದು ಪ್ರಾರ್ಥನೆಯೊಡನೆ ಬಡವರಿಗೆ ದಾನವೂ ನಡೆಯಬೇಕಿತ್ತು. ಆ ಆಚರಣೆ ಪಶ್ಚಿಮದ ಧರ್ಮಸಭೆಯಲ್ಲೆಲ್ಲ ಹರಡಿತು. 1274ರ ಲಿಯೋನ್ಸ್ ಮಹಾಸಭೆ, ಮೃತರ ಶುದ್ಧೀಕರಣಕ್ಕೆ ಜೀವಂತರ ಬಲಿಪೂಜೆ, ಪ್ರಾರ್ಥನೆ, ದಾನಧರ್ಮಗಳು ನೆರವಾಗುತ್ತವೆಂಬ ಬೋಧನೆಯನ್ನು ಸ್ಪಷ್ಟಪಡಿಸಿತು. ಹೀಗೆ ಅಕ್ಟೋಬರ್ 31ರ ಸಂಜೆಯಿಂದ ನವೆಂಬರ್ 2ರವರೆಗಿನ ಕಾಲ ಒಂದೇ ಹಬ್ಬದ ಹಾಗೆ ಕೂಡಿಕೊಂಡಿತು. ಸ್ವರ್ಗದಲ್ಲಿರುವವರು, ಶುದ್ಧೀಕರಣ ಸ್ಥಳದಲ್ಲಿರುವವರು, ಭೂಮಿಯ ಮೇಲಿರುವವರು ಒಂದೇ ಕುಟುಂಬವೆಂಬ ವಿಶ್ವಾಸ ಆ ಮೂರು ದಿನಗಳಲ್ಲಿ ಕಣ್ಣಿಗೆ ಕಾಣುವಂತಾಯಿತು.

ಆತ್ಮದ ರೊಟ್ಟಿ

ಈ ವಿಶ್ವಾಸವೇ ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಂದು ಪದ್ಧತಿಯಾಗಿ ಬೆಳೆಯಿತು. ಸಕಲ ಸಂತರ ಹಬ್ಬದ ಸಮಯಕ್ಕೆ ಮನೆಗಳಲ್ಲಿ ಚಿಕ್ಕ ಚಿಕ್ಕ ಸಿಹಿರೊಟ್ಟಿಗಳನ್ನು ಸುಟ್ಟು ಇಡುತ್ತಿದ್ದರು. ಅವುಗಳ ಹೆಸರು ಸೋಲ್ ಕೇಕ್, ಅಂದರೆ ಆತ್ಮದ ರೊಟ್ಟಿ. ಬಡವರು ಮನೆಬಾಗಿಲಿಗೆ ಬಂದು ರೊಟ್ಟಿ ಪಡೆದು, ಆ ಮನೆಯ ಮೃತರಿಗಾಗಿ ಪ್ರಾರ್ಥಿಸುತ್ತಿದ್ದರು. ಷೇಕ್ಸ್‌ಪಿಯರ್ ತನ್ನ ಆರಂಭಿಕ ನಾಟಕಗಳಲ್ಲೊಂದಾದ 'ಟೂ ಜೆಂಟಲ್‌ಮೆನ್ ಆಫ್ ವೆರೋನಾ'ದಲ್ಲಿ, ಗೋಳುದನಿಯಲ್ಲಿ ಮಾತನಾಡುವವನನ್ನು ಈ ಹಬ್ಬದ ದಿನದ ಭಿಕ್ಷುಕನಿಗೆ ಹೋಲಿಸುತ್ತಾನೆ. ಪ್ರೇಕ್ಷಕರಿಗೆ ವಿವರಣೆಯ ಅಗತ್ಯವಿರಲಿಲ್ಲವೆಂದರೆ ಆ ಭಿಕ್ಷುಕ ಎಲ್ಲರೂ ಬಲ್ಲವನೇ ಆಗಿದ್ದ. ಹದಿನೇಳನೆಯ ಶತಮಾನದ ಜಾನ್ ಆಬ್ರಿ ಎಂಬ ವಿದ್ವಾಂಸನು ಶ್ರಾಪ್‌ಷೈರ್ ಪ್ರದೇಶದಲ್ಲಿ ಮೇಜಿನ ಮೇಲೆ ಈ ರೊಟ್ಟಿಗಳನ್ನು ರಾಶಿಯಾಗಿ ಪೇರಿಸಿಟ್ಟು ಬಂದವರಿಗೆಲ್ಲ ಕೊಡುತ್ತಿದ್ದ ಪದ್ಧತಿಯನ್ನು ದಾಖಲಿಸಿದ್ದಾನೆ.

ಇಲ್ಲಿ ದೈವಶಾಸ್ತ್ರದ ವಿದ್ಯಾರ್ಥಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಹೊಸ್ತಿಲಿನಲ್ಲಿ ಇಬ್ಬರಲ್ಲ, ಮೂವರು ಸೇರುತ್ತಿದ್ದರು: ಕೊಡುವ ಮನೆಯವರು, ಬೇಡುವ ಬಡವರು, ಮತ್ತು ಆ ಮನೆಯ ಮೃತರು. ಬಡವನು ಬರಿಗೈಯಲ್ಲಿ ಬಂದವನಾಗಿರಲಿಲ್ಲ. ಮನೆಯವರಿಗೆ ಬೇಕಾದ ಪ್ರಾರ್ಥನೆ ಅವನ ಬಳಿ ಇತ್ತು. ಅದನ್ನು ಕೊಟ್ಟು ಅವನು ರೊಟ್ಟಿ ಪಡೆಯುತ್ತಿದ್ದ. ಆ ರಾತ್ರಿ ಉಳ್ಳವನೇ ಇಲ್ಲದವನಿಗೆ ಋಣಿಯಾಗುತ್ತಿದ್ದ. ದೊರೆಗಳ ಅರಮನೆಯಲ್ಲಿಯೂ ಇಷ್ಟು ಸರಳವಾಗಿ ಸಂತರ ಅನ್ಯೋನ್ಯತೆಯ ಪಾಠ ನಡೆದಿರಲಾರದು.

ಹದಿನಾರನೆಯ ಶತಮಾನದ ಸುಧಾರಣೆಯು ಈ ಮೂವರಲ್ಲಿ ಒಬ್ಬರನ್ನು ಹೊರಗಿಟ್ಟಿತು. 1552ರ ಪ್ರಾರ್ಥನಾ ಪುಸ್ತಕದಲ್ಲಿ ಮೃತರಿಗಾಗಿ ಮಾಡುವ ಪ್ರಾರ್ಥನೆಗಳಿಗೆ ಸ್ಥಳವಿರಲಿಲ್ಲ. ಇಂಗ್ಲೆಂಡಿನ ಸಭೆಯ 39 ಸೂತ್ರಗಳಲ್ಲಿ 22ನೆಯದು ಶುದ್ಧೀಕರಣ ಸ್ಥಳದ ಬೋಧನೆಯನ್ನು ನಿರಾಕರಿಸಿತು. ಆದರೂ ರೊಟ್ಟಿ ಬೇಡುವ ಪದ್ಧತಿ ಚೆಷೈರ್, ಶ್ರಾಪ್‌ಷೈರ್ ಮುಂತಾದ ಕಡೆ ಹತ್ತೊಂಬತ್ತನೆಯ ಶತಮಾನದವರೆಗೂ ಉಳಿಯಿತು. ಬರಬರುತ್ತಾ ವಯಸ್ಕ ಬಡವರ ಜಾಗಕ್ಕೆ ಮಕ್ಕಳು ಬಂದರು, ಪ್ರಾರ್ಥನೆಯ ಜಾಗಕ್ಕೆ ಹಾಡು ಬಂತು, ರೊಟ್ಟಿಯ ಜೊತೆಗೆ ಸೇಬು ಸೇರಿತು. ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳಲ್ಲಿ ವೇಷ ಧರಿಸಿದ ಮಕ್ಕಳು ಮನೆಯೊಳಗೆ ಬಂದು ಪದ್ಯ ಹೇಳಿ, ಹಾಡಿ, ಕಾಯಿ ಹಣ್ಣುಗಳನ್ನು ಪಡೆಯುತ್ತಿದ್ದರು. ಮೃತರು ಮರೆಯಾದರೂ ಕೊಟ್ಟು ಪಡೆಯುವ ನಿಯಮ ಉಳಿದಿತ್ತು, ಹೊಸ್ತಿಲೂ ಉಳಿದಿತ್ತು.

ಚೇಷ್ಟೆಯಿಂದ ಸಿಹಿಗೆ

ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ನೆಲೆಸಿದ ಪ್ಯೂರಿಟನ್ನರು ಸಂತರ ದಿನಗಳನ್ನು ಆಚರಿಸುತ್ತಿರಲಿಲ್ಲ. ಹ್ಯಾಲೋವೀನ್ ಅಲ್ಲಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮುಖ್ಯವಾಗಿ 1845ರಲ್ಲಿ ಆರಂಭವಾದ ಆಲೂಗೆಡ್ಡೆಯ ಬರಗಾಲದಿಂದ ದಿಕ್ಕೆಟ್ಟು ಬಂದ ಐರಿಷ್ ಜನರಿಂದ, ಮತ್ತು ಸ್ಕಾಟ್ಲೆಂಡಿನಿಂದ ಬಂದವರಿಂದ. ಅವರೊಡನೆ ಯುವಕರ ರಾತ್ರಿಯ ಚೇಷ್ಟೆಗಳೂ ಬಂದವು. ಹಳ್ಳಿಯಲ್ಲಿ ಯಾರದೋ ಬೇಲಿಯ ಗೇಟನ್ನು ಕಿತ್ತು ಬಚ್ಚಿಡುವುದು ನಗೆಯ ವಿಷಯವಾಗಿತ್ತು. ನಗರಗಳು ಬೆಳೆದಂತೆ ಅದು ಕಿಟಕಿ ಒಡೆಯುವ, ಬೆಂಕಿ ಹಚ್ಚುವ ಹಾವಳಿಯಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಪೌರಸಂಸ್ಥೆಗಳಿಗೂ ಪೊಲೀಸರಿಗೂ ಇದೊಂದು ತಲೆನೋವಾಗಿತ್ತು.

ಪರಿಹಾರವಾಗಿ ಊರಿನ ಹಿರಿಯರೇ ಹಬ್ಬವನ್ನು ಕೈಗೆತ್ತಿಕೊಂಡರು. ಮಿನ್ನೆಸೋಟಾ ರಾಜ್ಯದ ಅನೋಕಾ ಪಟ್ಟಣದಲ್ಲಿ 1920ರಲ್ಲಿ, ಹುಡುಗರ ಹಾವಳಿ ತಡೆಯಲೆಂದೇ, ಇಡೀ ಊರಿನ ಹ್ಯಾಲೋವೀನ್ ಮೆರವಣಿಗೆಯನ್ನೂ ತಿನಿಸು ಹಂಚುವ ಕಾರ್ಯಕ್ರಮವನ್ನೂ ಏರ್ಪಡಿಸಲಾಯಿತು. ಅದೇ ಕಾಲದಲ್ಲಿ ಇನ್ನೊಂದು ಒಪ್ಪಂದ ತಾನಾಗಿ ಮೂಡಿತು: ಮಕ್ಕಳು ಬಾಗಿಲಿಗೆ ಬರುತ್ತಾರೆ, ಮನೆಯವರು ಸಿಹಿ ಕೊಟ್ಟರೆ ಚೇಷ್ಟೆ ಇಲ್ಲ. ಕೆನಡಾದ ಆಲ್ಬರ್ಟಾ ಪ್ರಾಂತದ ಬ್ಲ್ಯಾಕಿ ಎಂಬ ಊರಿನ 1927ರ ಪತ್ರಿಕಾ ವರದಿಯಲ್ಲಿ ಟ್ರಿಕ್-ಆರ್-ಟ್ರೀಟ್ ಎಂಬ ಕೂಗಿನ ಆರಂಭಿಕ ದಾಖಲೆಗಳಲ್ಲೊಂದು ಸಿಗುತ್ತದೆ. 1930ರ ದಶಕದಲ್ಲಿ ಅದು ಅಮೆರಿಕದಲ್ಲಿ ಹರಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1947ರವರೆಗೆ, ಸಕ್ಕರೆಗೆ ಪಡಿತರ ವ್ಯವಸ್ಥೆ ಇದ್ದುದರಿಂದ ಪದ್ಧತಿ ಸೊರಗಿತು. ಸಕ್ಕರೆ ಮರಳಿದಾಗ, ಹೊಸದಾಗಿ ಎದ್ದ ಉಪನಗರಗಳ ಸಾಲುಮನೆಗಳ ನಡುವೆ, ಅದು ದೇಶದ ಪದ್ಧತಿಯೇ ಆಯಿತು. ಮನೆಯಲ್ಲಿ ಮಾಡಿದ ತಿನಿಸಿನ ಜಾಗವನ್ನು ಕಾರ್ಖಾನೆಯ ಕಾಗದ ಸುತ್ತಿದ ಮಿಠಾಯಿ ಕ್ರಮೇಣ ಆಕ್ರಮಿಸಿತು.

ಈ ಘಟ್ಟದಲ್ಲಿ ಒಂದು ಚಿಕ್ಕ ಘಟನೆ ನಮ್ಮ ಗಮನ ಸೆಳೆಯುತ್ತದೆ. 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಪಾಲಕರಾದ ಕ್ಲೈಡ್ ಆಲಿಸನ್ ಮತ್ತು ಅವರ ಪತ್ನಿ ಮೇರಿ ಎಮ್ಮಾ ಆಲಿಸನ್ ಅವರ ಪ್ರೇರಣೆಯಿಂದ, ಮಕ್ಕಳು ಸಿಹಿಯ ಜೊತೆಗೆ ಯುದ್ಧದಿಂದ ನೊಂದ ದೂರದೇಶಗಳ ಮಕ್ಕಳಿಗಾಗಿ ಬಾಗಿಲು ಬಾಗಿಲಿಗೆ ಚಿಲ್ಲರೆ ಹಣ ಸಂಗ್ರಹಿಸಿದರು. ಅದು ಮುಂದೆ ಯುನಿಸೆಫ್ ಸಂಸ್ಥೆಯ ದೊಡ್ಡ ಯೋಜನೆಯಾಯಿತು. ಹೊಸ್ತಿಲಿನಲ್ಲಿ ಮತ್ತೆ ಮೂರನೆಯವರೊಬ್ಬರಿಗೆ ಸ್ಥಳ ದೊರೆಯಿತು: ಹಿಂದೆ ಕಣ್ಣಿಗೆ ಕಾಣದ ಮೃತರಿದ್ದಲ್ಲಿ ಈಗ ಕಣ್ಣಿಗೆ ಕಾಣದ ಬಡ ಮಗು.

ಇಲ್ಲಿಯವರೆಗಿನ ಚರಿತ್ರೆ ಒಂದು ಎಚ್ಚರಿಕೆ ನೀಡುತ್ತದೆ. ಡಿಕ್ಕಿಯ ಕಾರ್ಯಕ್ರಮವನ್ನು ಟೀಕಿಸುವವರು 'ಪ್ರಾಚೀನ ಸಂಪ್ರದಾಯ ಹಾಳಾಯಿತು' ಎನ್ನುವುದುಂಟು. ಆದರೆ ಅವರು ಹೇಳುವ ಸಂಪ್ರದಾಯಕ್ಕೆ ಇನ್ನೂ ನೂರು ವರ್ಷ ತುಂಬಿದೆ ಅಥವಾ ತುಂಬುತ್ತಿದೆ, ಅಷ್ಟೇ. ಅದು ಕೂಡ ಹಿರಿಯರ ಭಯದಿಂದ, ಹಿರಿಯರ ಏರ್ಪಾಟಿನಿಂದ ಬೆಳೆದದ್ದೇ. ಹಾಗಾಗಿ ಏರ್ಪಾಟು ಎಂಬ ಕಾರಣಕ್ಕೆ ಡಿಕ್ಕಿಯ ಕಾರ್ಯಕ್ರಮವನ್ನು ದೂರುವಂತಿಲ್ಲ. ಪರಿಶೀಲಿಸಬೇಕಾದದ್ದು ಭಯ ಯಾರ ಕಡೆಗೆ ತಿರುಗಿತು ಎಂಬುದನ್ನು. 1920ರ ಹಿರಿಯರು ಮಕ್ಕಳ ಚೇಷ್ಟೆಗೆ ಹೆದರಿ ಬಾಗಿಲು ತೆರೆದರು. ಅರ್ಧ ಶತಮಾನದ ನಂತರದ ಹಿರಿಯರು ಬಾಗಿಲಿನ ಹಿಂದಿರುವವರಿಗೆ ಹೆದರಿದರು.

ನೆರೆಯವರ ಭಯ

1974ರ ಹ್ಯಾಲೋವೀನ್ ರಾತ್ರಿ ಟೆಕ್ಸಾಸ್ ರಾಜ್ಯದಲ್ಲಿ ಎಂಟು ವರ್ಷದ ಬಾಲಕನೊಬ್ಬ ವಿಷ ಬೆರೆಸಿದ ಮಿಠಾಯಿ ತಿಂದು ಸತ್ತ. ಯಾರೋ ಅಪರಿಚಿತರು ಕೊಟ್ಟರೆಂದು ಮೊದಲು ಜನ ನಂಬಿದರು. ವಿಮೆಯ ಹಣಕ್ಕಾಗಿ ಹೆತ್ತ ತಂದೆಯೇ ಅದನ್ನು ಮಾಡಿದ್ದನೆಂದು ನ್ಯಾಯಾಲಯದಲ್ಲಿ ಸಾಬೀತಾಯಿತು. 1982ರ ಶರತ್ಕಾಲದಲ್ಲಿ ಷಿಕಾಗೋ ಪ್ರದೇಶದಲ್ಲಿ ಟೈಲೆನಾಲ್ ಗುಳಿಗೆಗಳಿಗೆ ಯಾರೋ ಸಯನೈಡ್ ಬೆರೆಸಿದ್ದರಿಂದ ಏಳು ಮಂದಿ ಪ್ರಾಣ ಕಳೆದುಕೊಂಡರು. ಅದಕ್ಕೂ ಹ್ಯಾಲೋವೀನ್‌ಗೂ ಸಂಬಂಧವಿರಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ಹಬ್ಬ ಬಂದಿತ್ತು. ಸೇಬಿನೊಳಗೆ ಬ್ಲೇಡು, ಮಿಠಾಯಿಯೊಳಗೆ ಸೂಜಿ ಎಂಬ ಸುದ್ದಿಗಳು ಹಬ್ಬಿದವು. ಮಕ್ಕಳು ತಂದ ಚೀಲಗಳನ್ನು ಎಕ್ಸ್-ರೇ ಮಾಡಿಕೊಡಲು ಆಸ್ಪತ್ರೆಗಳು ಮುಂದಾದವು.

ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ತಮ್ಮ ಸಹಲೇಖಕರೊಡನೆ ಈ ಬಗೆಯ ಪತ್ರಿಕಾ ವರದಿಗಳನ್ನೆಲ್ಲ ಕಲೆಹಾಕಿ 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಾಗಿಲಿಗೆ ಬಂದ ಮಗುವಿಗೆ ಅಪರಿಚಿತರು ವಿಷದ ಸಿಹಿ ಕೊಟ್ಟು ಕೊಂದ ಒಂದೇ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. ಆ ರಾತ್ರಿ ಮಕ್ಕಳಿಗೆ ನಿಜವಾದ ಅಪಾಯ ಬೇರೆ ಕಡೆ ಇದೆ. 1975ರಿಂದ 2016ರವರೆಗಿನ ಅಪಘಾತಗಳ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದರ ಪ್ರಕಾರ, ಹ್ಯಾಲೋವೀನ್ ಸಂಜೆ ಅಮೆರಿಕದಲ್ಲಿ ಪಾದಚಾರಿಗಳು ವಾಹನಕ್ಕೆ ಸಿಲುಕಿ ಸಾಯುವ ಸಂಭವ, ಅದರ ಹಿಂದಿನ ಮತ್ತು ಮುಂದಿನ ವಾರದ ಸಂಜೆಗಳಿಗಿಂತ ಶೇಕಡಾ 43ರಷ್ಟು ಹೆಚ್ಚು. ಜನ ಹೆದರಿದ್ದು ನೆರೆಮನೆಯವರಿಗೆ, ಹೆದರಬೇಕಾಗಿದ್ದದ್ದು ಕಾರಿಗೆ. ಕೊನೆಗೆ ಮಕ್ಕಳಿಗೆ ಆಶ್ರಯವಾಗಿ ದೊರೆತದ್ದು ನಿಂತ ಕಾರಿನ ಡಿಕ್ಕಿ. ಚರಿತ್ರೆಯಲ್ಲಿ ಇಂತಹ ವಿಪರ್ಯಾಸಗಳು ಅಪರೂಪವಲ್ಲ.

1990ರ ದಶಕದಲ್ಲಿ ಡಿಕ್ಕಿಯ ಕಾರ್ಯಕ್ರಮಗಳು ರೂಪುಗೊಂಡವು. ಮುಂದಾಳತ್ವ ಬಹುಪಾಲು ಕ್ರೈಸ್ತ ಸಭೆಗಳದೇ. ಅವುಗಳ ಬಳಿ ವಿಶಾಲವಾದ ಅಂಗಳವಿತ್ತು, ಪರಸ್ಪರ ಪರಿಚಿತ ಕುಟುಂಬಗಳಿದ್ದವು. ಭೂತಪ್ರೇತಗಳ ವೇಷಕ್ಕೆ ಪರ್ಯಾಯ ಬೇಕೆಂಬ ಆಸೆ ಕೆಲವು ಸಭೆಗಳಲ್ಲಿ ಮೊದಲೇ ಸುಗ್ಗಿಹಬ್ಬದ ಹೆಸರಿನ ಕೂಟಗಳಿಗೆ ದಾರಿ ಮಾಡಿತ್ತು. ನಂತರ ಶಾಲೆಗಳು, ಪೊಲೀಸ್ ಇಲಾಖೆಗಳು, ಅಂಗಡಿಗಳೂ ಇದನ್ನು ಅನುಸರಿಸಿದವು. 2020ರಲ್ಲಿ ಕೊರೊನಾ ಸಾಂಕ್ರಾಮಿಕದ ಕಾಲದಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವು ಮನೆಮನೆಗೆ ಹೋಗುವುದನ್ನೂ ಡಿಕ್ಕಿಯ ಕಾರ್ಯಕ್ರಮವನ್ನೂ ಒಟ್ಟಿಗೆ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿತು. ಆ ವೇಳೆಗೆ ಸರಕಾರದ ದೃಷ್ಟಿಯಲ್ಲಿ ಎರಡೂ ಸಮಾನವಾಗಿ ರೂಢಿಯಲ್ಲಿದ್ದ ಪದ್ಧತಿಗಳಾಗಿದ್ದವು ಎಂಬುದಕ್ಕೆ ಅದೇ ಸಾಕ್ಷಿ.

ಗಳಿಸಿದ್ದು, ಕಳೆದುಕೊಂಡದ್ದು

ನ್ಯಾಯವಾಗಿ ಹೇಳುವುದಾದರೆ ಗಳಿಕೆ ಕಡಿಮೆಯೇನಲ್ಲ. ಮನೆಗಳು ಮೈಲಿಗಟ್ಟಲೆ ದೂರವಿರುವ ಹಳ್ಳಿಗಾಡಿನಲ್ಲಿ, ಕಾಲುದಾರಿಯೇ ಇಲ್ಲದ ಉಪನಗರಗಳಲ್ಲಿ, ಕತ್ತಲಲ್ಲಿ ಹೊರಗೆ ಹೋಗಲು ಹೆದರುವ ಬಡ ಬಡಾವಣೆಗಳಲ್ಲಿ ಮಕ್ಕಳಿಗೆ ಒಂದು ನಲಿವಿನ ಸಂಜೆ ದೊರೆಯುತ್ತದೆ. ಗಾಲಿಕುರ್ಚಿಯಲ್ಲಿರುವ ಮಗುವಿಗೆ ಮನೆಗಳ ಮೆಟ್ಟಿಲುಗಳು ತಡೆಯಾದರೆ, ಸಮತಟ್ಟಾದ ಅಂಗಳ ತಡೆಯಾಗುವುದಿಲ್ಲ. ಹೊಸದಾಗಿ ವಲಸೆ ಬಂದ ಕುಟುಂಬಕ್ಕೆ ಧರ್ಮಕೇಂದ್ರದ ಮೊದಲ ಪರಿಚಯ ಇಲ್ಲಿಯೇ ಆಗಬಹುದು. ಇದನ್ನು ನಡೆಸುವ ಸ್ವಯಂಸೇವಕರ ಶ್ರಮವನ್ನು ಹತ್ತಿರದಿಂದ ಕಂಡ ನಾವು ಅದನ್ನು ಹಗುರವಾಗಿ ಮಾತನಾಡಲಾರೆವು.

ಆದರೆ ನಷ್ಟವನ್ನೂ ನಾವು ಹತ್ತಿರದಿಂದ ಕಂಡಿದ್ದೇವೆ. ಹಲವು ವರ್ಷಗಳ ಹಿಂದೆ ಒಂದು ಶರತ್ಕಾಲದಲ್ಲಿ ಅಲ್ಲಿನ ಧರ್ಮಕೇಂದ್ರವೊಂದರಲ್ಲಿ ರಜೆಯ ಮೇಲಿದ್ದ ಗುರುಗಳ ಬದಲಿಗೆ ಕೆಲವು ವಾರ ಸೇವೆ ಸಲ್ಲಿಸುವ ಅವಕಾಶ ನಮಗೆ ಒದಗಿತ್ತು. ಅಕ್ಟೋಬರ್ 31ರ ಸಂಜೆ ದೇವಾಲಯದ ಅಂಗಳದಲ್ಲಿ ನಿಂತು ಡಿಕ್ಕಿಗಳನ್ನೂ ಮಕ್ಕಳನ್ನೂ ಆಶೀರ್ವದಿಸಿದೆವು. ರಸ್ತೆಯ ಆಚೆಬದಿಯ ಒಂದು ಮನೆಯ ಮುಂದೆ ದೀಪ ಉರಿಯುತ್ತಿತ್ತು. ಆ ದೇಶದಲ್ಲಿ ಅಂದು ಹೊರದೀಪ ಉರಿಸಿಟ್ಟರೆ ಮಕ್ಕಳು ಬರಬಹುದೆಂದು ಅರ್ಥ. ಯಾರೂ ಹೋಗಲಿಲ್ಲ. ನಾವೂ ರಸ್ತೆ ದಾಟಲಿಲ್ಲ. ಅದು ನಮಗೆ ಹೊಳೆಯಲೇ ಇಲ್ಲ. ಮರುದಿನ ಸಕಲ ಸಂತರ ಹಬ್ಬದ ಬಲಿಪೂಜೆಯ ನಂತರ ಆ ಮನೆಯ ವೃದ್ಧೆಯೇ ಒಂದು ಬಟ್ಟಲು ತುಂಬ ಮಿಠಾಯಿಯನ್ನು ತಂದು, ಶಾಲೆಯ ಮಕ್ಕಳಿಗೆ ಹಂಚಿಬಿಡಿ ಫಾದರ್, ನನ್ನಲ್ಲಿಗೆ ಈಗ ಯಾರೂ ಬರುವುದಿಲ್ಲ ಎಂದರು. ಹೊರಡುವಾಗ, ನಾಳೆಯ ಪೂಜೆಯಲ್ಲಿ ತಮ್ಮ ಗಂಡನ ಹೆಸರನ್ನು ನೆನೆಯುವಂತೆ ಕೇಳಿಕೊಂಡರು. ಕೈಯಲ್ಲಿ ಸಿಹಿ, ಬಾಯಲ್ಲಿ ಮೃತನೊಬ್ಬನ ಹೆಸರು. ಅವರು ಕೇಳಿದ್ದು ಆತ್ಮದ ರೊಟ್ಟಿಯ ಹಳೆಯ ವಿನಿಮಯವನ್ನೇ ಎಂಬುದು ಎಷ್ಟೋ ಕಾಲದ ನಂತರ ಈ ಚರಿತ್ರೆಯನ್ನು ಓದುವಾಗ ನಮಗೆ ಅರಿವಾಯಿತು.

ಆ ಅನುಭವದ ಬೆಳಕಿನಲ್ಲಿ ಮೂರು ಬದಲಾವಣೆಗಳನ್ನು ಗುರುತಿಸಬಹುದು. ಮೊದಲನೆಯದು, ಆತಿಥೇಯರ ಬದಲಾವಣೆ. ಬಾಗಿಲಿನಲ್ಲಿ ಪ್ರತಿಯೊಂದು ಮನೆಯೂ ಆತಿಥೇಯ. ವೃದ್ಧೆ, ಒಂಟಿ ವ್ಯಕ್ತಿ, ಧರ್ಮಕೇಂದ್ರಕ್ಕೆ ಸೇರದವರು ಎಲ್ಲರೂ. ಅಂಗಳದಲ್ಲಿ ಸಂಸ್ಥೆಯೇ ಆತಿಥೇಯ. ಕಾರು, ಅಲಂಕಾರದ ಉತ್ಸಾಹ, ಸದಸ್ಯತ್ವದ ಪರಿಚಯ ಇರುವವರಿಗೆ ಮಾತ್ರ ಕೊಡುವ ಭಾಗ್ಯ. ಎರಡನೆಯದು, ಅಪರಿಚಿತರ ನಿರ್ಗಮನ. ಬಾಗಿಲು ತಟ್ಟುವ ಮಗು ಯಾರ ಮುಖ ಕಾಣಬಹುದೆಂದು ತಿಳಿಯದೆ ನಿಲ್ಲುತ್ತಿತ್ತು. ತೆರೆಯುವವರಿಗೂ ಹೊರಗೆ ನಿಂತವರು ಯಾರೆಂದು ತಿಳಿದಿರಲಿಲ್ಲ. ಅಬ್ರಹಾಮನು ಮಮ್ರೆಯ ಬಳಿ ಮೂವರು ಪಥಿಕರನ್ನು ಬರಮಾಡಿಕೊಂಡ ವೃತ್ತಾಂತವನ್ನೂ, ಎಮ್ಮಾವು ಊರಿನ ಹಾದಿಯಲ್ಲಿ ಶಿಷ್ಯರು ಪ್ರಭುವನ್ನು ಗುರುತಿಸದೆಯೇ ಒಳಗೆ ಕರೆದದ್ದನ್ನೂ ಬೋಧಿಸುವ ಧರ್ಮಸಭೆಗೆ ಇದು ಸಣ್ಣ ವಿಷಯವಲ್ಲ. ಮೂರನೆಯದು, ಕಾಲದ ಬದಲಾವಣೆ. ಎಲ್ಲರ ಅನುಕೂಲಕ್ಕಾಗಿ ಡಿಕ್ಕಿಯ ಕಾರ್ಯಕ್ರಮವನ್ನು ಅನೇಕ ಕಡೆ ಹಿಂದಿನ ಶನಿವಾರಕ್ಕೋ ಭಾನುವಾರಕ್ಕೋ ಸರಿಸುತ್ತಾರೆ. ಮುನ್ನಾ ಸಂಜೆಯನ್ನು ಹಬ್ಬದಿಂದ ಬಿಡಿಸಿದರೆ ಅದು ಯಾವುದರ ಮುನ್ನಾ ಸಂಜೆ?

ನಮ್ಮದೇ ಪಾಲು

ಈ ಪ್ರಶ್ನೆಯನ್ನು ಅಮೆರಿಕನರಿಗೆ ಮಾತ್ರ ಹಾಕುವುದು ಪ್ರಾಮಾಣಿಕವಲ್ಲ. ಸಕಲ ಸಂತರ ಹಬ್ಬಕ್ಕೆ ಉಪವಾಸದೊಡನೆ ಕೂಡಿದ ತನ್ನದೇ ಜಾಗರಣೆಯೂ ಎಂಟು ದಿನಗಳ ಆಚರಣೆಯೂ ಶತಮಾನಗಳ ಕಾಲ ಇದ್ದವು. 1955ರಲ್ಲಿ ಹನ್ನೆರಡನೆಯ ಪಿಯುಸ್ ಅವರ ಆಡಳಿತದಲ್ಲಿ ಪಂಚಾಂಗವನ್ನು ಸರಳಗೊಳಿಸಿದಾಗ, ಇತರ ಅನೇಕ ಜಾಗರಣೆಗಳೊಡನೆ ಈ ಜಾಗರಣೆಯನ್ನೂ ಎಂಟು ದಿನಗಳ ಆಚರಣೆಯನ್ನೂ ತೆಗೆದುಹಾಕಲಾಯಿತು. ಆ ಸುಧಾರಣೆಗೆ ತನ್ನದೇ ಆದ ಸಕಾರಣಗಳಿದ್ದವು; ನಾವು ಅದನ್ನು ಆಕ್ಷೇಪಿಸುವುದಿಲ್ಲ. ಆದರೆ ಅಮೆರಿಕದ ಮಿಠಾಯಿ ವ್ಯಾಪಾರ ಅಕ್ಟೋಬರ್ 31ರ ಸಂಜೆಯನ್ನು ತುಂಬಿಕೊಳ್ಳುತ್ತಿದ್ದ ಅದೇ ದಶಕದಲ್ಲಿ ನಾವು ಆ ಸಂಜೆಯನ್ನು ಭಾಗಶಃ ತೆರವು ಮಾಡಿದೆವು ಎಂಬುದನ್ನು ನೆನಪಿಡಬೇಕು. ತೆರವಾದ ಮನೆಯಲ್ಲಿ ಬೇರೆಯವರು ವಾಸಕ್ಕೆ ಬಂದರೆಂದು ದೂರುವ ಹಕ್ಕು ನಮಗೆ ಎಷ್ಟು?

ಹಾಗೆಂದು ಎಲ್ಲವೂ ಕಳೆದುಹೋಗಿಲ್ಲ. ಮಹೋತ್ಸವದ ಮೊದಲ ಸಂಧ್ಯಾಪ್ರಾರ್ಥನೆ ಇಂದಿಗೂ ಅಕ್ಟೋಬರ್ 31ರ ಸಂಜೆಗೇ ಸೇರಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯ ಕುರಿತ ತನ್ನ ಸಂವಿಧಾನದ ಏಳನೆಯ ಅಧ್ಯಾಯದಲ್ಲಿ, ಪಯಣದಲ್ಲಿರುವ ನಾವೂ ಪ್ರಭುವಿನಲ್ಲಿ ನಿದ್ರಿಸಿದವರೂ ಒಂದೇ ಬಂಧನದಲ್ಲಿದ್ದೇವೆ ಎಂಬ ಬೋಧನೆಯನ್ನು ವಿಸ್ತಾರವಾಗಿ ನೀಡಿದೆ. 2002ರಲ್ಲಿ ಪ್ಯಾರಿಸ್ ಧರ್ಮಕ್ಷೇತ್ರದಲ್ಲಿ ಆರಂಭವಾದ ಹೋಲಿವಿನ್ಸ್ ಎಂಬ ಕಾರ್ಯಕ್ರಮ ಸಂತರ ನೆನಪನ್ನು ಆ ಸಂಜೆಗೆ ಮರಳಿ ತಂದು ಹಲವು ದೇಶಗಳಿಗೆ ಹರಡಿದೆ. ಅದರಲ್ಲಿ ಸಂತರು ಮರಳಿದ್ದಾರೆ. ಹೊಸ್ತಿಲು ಮತ್ತು ಮೃತರು ಮರಳುವುದು ಬಾಕಿ ಇದೆ.

ಹೀಗಾಗಿ ಅಲ್ಲಿಗೆ ಹೋಗಲಿರುವ ನಮ್ಮ ಗುರುಗಳಿಗೆ ಕೆಲವು ಸಲಹೆಗಳನ್ನು ನೀಡಬಯಸುತ್ತೇವೆ. ಡಿಕ್ಕಿಯ ಕಾರ್ಯಕ್ರಮವನ್ನು ನಿಷೇಧಿಸುವುದೂ ಬೇಡ, ಯೋಚಿಸದೆ ಆಶೀರ್ವದಿಸುವುದೂ ಬೇಡ. ಸಾಧ್ಯವಾದಷ್ಟು ಅದನ್ನು ಅಕ್ಟೋಬರ್ 31ರ ಸಂಜೆಗೇ ಉಳಿಸಿಕೊಂಡು ಸಂಧ್ಯಾಪ್ರಾರ್ಥನೆಯೊಡನೆ ಆರಂಭಿಸಬಹುದು. ಪ್ರತಿಯೊಂದು ಡಿಕ್ಕಿಯಲ್ಲಿಯೂ ಆ ಕುಟುಂಬದ ಮೃತರೊಬ್ಬರ ಹೆಸರನ್ನು ಬರೆದಿಟ್ಟು, ಸಿಹಿ ಪಡೆದ ಮಗು ಆ ಹೆಸರನ್ನು ಮನೆಗೊಯ್ದು ಒಂದು ಪ್ರಾರ್ಥನೆ ಹೇಳುವಂತೆ ಮಾಡಬಹುದು; ಆಗ ಮಗು ಕೇವಲ ಪಡೆಯುವವನಾಗಿ ಉಳಿಯುವುದಿಲ್ಲ. ಅಂಗಳದ ಕಾರ್ಯಕ್ರಮ ಮುಗಿದ ಮೇಲೆ ಹಿರಿಯರೊಡನೆ ಮಕ್ಕಳ ಚಿಕ್ಕ ಚಿಕ್ಕ ಗುಂಪುಗಳು ಸುತ್ತಲಿನ ದೀಪ ಉರಿಯುವ ಮನೆಗಳಿಗೆ ಹೋಗಿ ಬರಬಹುದು. ಇದಾವುದಕ್ಕೂ ಹೆಚ್ಚಿನ ಖರ್ಚಿಲ್ಲ.

ಸ್ವಂತ ನೆಲದ ಬಗ್ಗೆಯೂ ಒಂದು ಮಾತು. ನವೆಂಬರ್ 2ರ ಸಂಜೆ ನಮ್ಮ ಸಮಾಧಿ ಭೂಮಿಗಳಲ್ಲಿ ಹೂವು, ಮೇಣದ ಬತ್ತಿ, ಹೆಸರು ಕೂಗಿ ಹೇಳುವ ಪ್ರಾರ್ಥನೆ ಇನ್ನೂ ಜೀವಂತವಾಗಿವೆ. ಡಿಸೆಂಬರಿನಲ್ಲಿ ನಮ್ಮ ಕ್ಯಾರೋಲ್ ತಂಡಗಳು ಇನ್ನೂ ಮನೆಮನೆಗೆ ಹೋಗುತ್ತವೆ; ವಾಹನ ದಟ್ಟಣೆ, ಸಮಯದ ಅಭಾವ, ಮಕ್ಕಳ ಪರೀಕ್ಷೆ ಎಂಬ ಕಾರಣಗಳಿಂದ ಎಲ್ಲರೂ ದೇವಾಲಯದ ಅಂಗ­ಳಕ್ಕೇ ಬಂದರಾಯಿತೆಂಬ ಸಲಹೆ ನಾಳೆ ನಮ್ಮ ಪಾಲನಾ ಸಮಿತಿಯ ಮುಂದೆಯೂ ಬರಬಹುದು. ಸಲಹೆ ಸಮಂಜಸವಾಗಿಯೇ ಇರುತ್ತದೆ. ಅಂದು ಉತ್ತರಿಸುವ ಮೊದಲು, ನಮ್ಮ ಧರ್ಮಕೇಂದ್ರದಲ್ಲಿ ಅಂಗಳಕ್ಕೆ ಬರಲಾರದೆ ದೀಪ ಹಚ್ಚಿ ಕಾಯುವವರು ಯಾರು ಯಾರು ಎಂಬ ಪಟ್ಟಿಯನ್ನು ಒಮ್ಮೆ ಬರೆದು ನೋಡೋಣ. ಆ ವೃದ್ಧೆಯ ಗಂಡನ ಹೆಸರನ್ನು ನಾವು ಇಂದಿಗೂ ನವೆಂಬರ್ 2ರ ಬಲಿಪೂಜೆಯಲ್ಲಿ ನೆನೆಯುತ್ತೇವೆ. ಅವರ ಮಿಠಾಯಿಯ ಋಣ ಅಷ್ಟರಿಂದ ತೀರಿತೆಂದು ನಾವು ಭಾವಿಸಿಲ್ಲ.